ಒಂದೂ ಬಿಡದ ರೋಜಾ

ನನ್ನ ತಂಗಿಯನ್ನು ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅವಳ ಚೀಲ ಕೊಡವಿ ಕೇಳಿದೆ, ಫೋನು ತೆರೆದು ಕೇಳಿದೆ, ಹಾಸಿಗೆಯ ಕೆಳಗೆ ಕೈ ಹಾಕಿ ಕೇಳಿದೆ, ಜೊತೆಗೆ ಕಾಲೇಜಿಗೆ ಹೋಗುವ ಹುಡುಗಿಯರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದೆ. ಅವಳನ್ನು ಮಾತ್ರ ಎದುರಿಗೆ ಕೂರಿಸಿಕೊಂಡು “ಏನಾಗೇತಿ ನಿನಗ?” ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳಂತೆ. ಆ ಮಾತನ್ನು ಮುಂದೆ ಅವಳೇ ಆಡಿದಳು, ಅದೂ ನನ್ನ ಮುಂದಲ್ಲ.

ನಾವು ಹತ್ತಿ ಹಿಂಜುವ ಮನೆತನದವರು. ತವರು ಬೆಳವಣಕಿ. ಅಪ್ಪ ಹರೆಯದಲ್ಲಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಈಗ ಮನೆಯಲ್ಲೇ ಕೂತು ಹಳೆಯ ಗಾದಿಗಳ ಗಂಟುಗಟ್ಟಿದ ಅರಳೆಯನ್ನು ಕೋಲಿನಿಂದ ಬಡಿದು ಬಿಡಿಸುತ್ತಾನೆ. ಆರನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಗಾದಿಗೆ ಹೊಲಿಗೆ ಹಾಕುವ ಉದ್ದ ಸೂಜಿ ನನ್ನ ಕೈಗೆ ಬಂತು. ತಂಗಿ ಹುಟ್ಟಿದ್ದು ಅದಾದ ಮೇಲೆ. ಹೆತ್ತವಳು ಅವ್ವ, ಎತ್ತಿ ಆಡಿಸಿದವಳು ನಾನು.

ಗಾದಿ ತುಂಬಿದ ಮೇಲೆ ಅರಳೆ ಒಂದು ಕಡೆ ಗುಡ್ಡೆ, ಒಂದು ಕಡೆ ತಗ್ಗು ಆಗಿರುತ್ತದೆ. ಹಗುರ ಮೈಯವರು ಯಾರಾದರೂ ಅದರ ಮೇಲೆ ಓಡಾಡಿದರೆ ಸಮ ಕೂರುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ತಂಗಿಯದು. ನಡೆಯಲು ಹೇಳಿದರೆ ಅವಳು ಕುಣಿಯುತ್ತಿದ್ದಳು. “ಮಂಗ್ಯಾ, ಗಿರಾಕಿ ಗಾದಿ ಅದು, ಹರದೀತು,” ಎಂದು ಅಪ್ಪ ಬೈಯುತ್ತಿದ್ದ. “ಹರದ್ರ ಅಕ್ಕ ಹೊಲೀತಾಳ,” ಎಂದು ಅವಳು ಇನ್ನೊಮ್ಮೆ ಹಾರುತ್ತಿದ್ದಳು. ಕಾಲು ನೆಲಕ್ಕೆ ತಾಗದ ಹುಡುಗಿ. ಅವಳ ಆ ಕಾಲುಗಳನ್ನು ಕಟ್ಟಿ ಹಾಕಿದ್ದು ನಾನು. ಹಗ್ಗದಿಂದಲ್ಲ, ತಿನಿಸಿನಿಂದ.

ನನ್ನನ್ನು ರೋಣಕ್ಕೆ ಕೊಟ್ಟರು. ಗಂಡನದೂ ಅದೇ ಕಸುಬು. ಮನೆಯ ಮುಂದಿನ ಪಡಸಾಲೆಯೇ ಗಾದಿ ಅಂಗಡಿ. ಸಂತೆಯ ದಿನ ಅವರು ಟೆಂಪೋದಲ್ಲಿ ಗಾದಿ, ದಿಂಬು ಹೇರಿಕೊಂಡು ನರಗುಂದಕ್ಕೋ ಗಜೇಂದ್ರಗಡಕ್ಕೋ ಹೋಗುತ್ತಾರೆ. ಮನೆಯಲ್ಲಿ ನಾನು ಮತ್ತು ಅತ್ತೆ. ನನಗೆ ಮಕ್ಕಳಾಗಿಲ್ಲ. ಮದುವೆಯಾದಾಗಿನಿಂದ ಪ್ರತಿ ತಿಂಗಳೂ ಒಂದು ದಿನಕ್ಕಾಗಿ ಕಾದು, ಅದು ತಪ್ಪದೆ ಬಂದದ್ದಕ್ಕೆ ಅತ್ತವಳು ನಾನು. ತಿಂಗಳ ಲೆಕ್ಕ ನನ್ನ ಬೆರಳ ತುದಿಯಲ್ಲಿ ಇರುತ್ತದೆ. ನನ್ನದಷ್ಟೇ ಅಲ್ಲ, ಯಾರದಾದರೂ.

ತಂಗಿ ಹತ್ತನೆಯ ತರಗತಿ ಪಾಸಾದಾಗ ಅವಳನ್ನು ರೋಣದ ಕಾಲೇಜಿಗೆ ಹಚ್ಚಿದರು. ನನ್ನ ಮನೆಯಲ್ಲೇ ಇರಲಿ ಎಂದು ಹಟ ಹಿಡಿದವಳು ನಾನೇ. ಬಸ್ಸಿನಲ್ಲಿ ಯಾರು ಪಕ್ಕಕ್ಕೆ ಕೂರುತ್ತಾರೋ, ನಿಲ್ದಾಣದಲ್ಲಿ ಯಾರು ಮಾತಾಡಿಸುತ್ತಾರೋ. “ನನ್ನ ಕಣ್ಮುಂದ ಇರ್ತಾಳ ಬಿಡು,” ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಒಪ್ಪಿದ.

ಮೊದಲ ಕೆಲವು ವಾರ ಅವಳು ಓಣಿಯ ಇಬ್ಬರು ಹುಡುಗಿಯರ ಜೊತೆ ಕಾಲೇಜಿಗೆ ನಡೆದೇ ಹೋಗುತ್ತಿದ್ದಳು. ಒಂದು ಸಂಜೆ ತಡವಾಯಿತು. ನಾನು ಮಾಳಿಗೆ ಏರಿ ನೋಡಿದೆ. ದೂರದ ತಿರುವಿನಲ್ಲಿ ಗೋಬಿ ಮಂಚೂರಿ ಗಾಡಿಯ ಮುಂದೆ ಮೂವರೂ ನಿಂತು ನಗುತ್ತಿದ್ದರು. ಅವರ ಹಿಂದೆ ಒಬ್ಬ ಹುಡುಗ ಬೈಕಿನ ಮೇಲೆ ಕೂತು ತಿನ್ನುತ್ತಿದ್ದ. ಅವಳು ಮನೆಗೆ ಬಂದಾಗ ನಾನು ಬಾಗಿಲಲ್ಲೇ ಇದ್ದೆ.

“ಯಾಕ ತಡಾ ಆತು?”

“ಗೋಬಿ ತಿಂದ್ವಿ ಅಕ್ಕಾ.”

“ಯಾರ್ ಕೊಡಿಸಿದ್ರು?”

“ಯಾರ್ ಕೊಡಸ್ತಾರ? ಮೂರು ಮಂದಿ ಕೂಡಿ ಒಂದ ಪ್ಲೇಟು. ಕಡೀ ತುಂಡಿಗೆ ಜಗಳಾ ಬ್ಯಾರೆ.”

“ಬೈಕಿನ ಮ್ಯಾಲಿದ್ದಾಂವ ಯಾರು?”

“ಯಾವ ಬೈಕು?”

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಮುಖ ಹೇಗಿರುತ್ತದೋ ಹಾಗೆಯೇ ಇತ್ತು ಅವಳ ಮುಖ. ಎಷ್ಟು ಚೆನ್ನಾಗಿ ಮುಚ್ಚಿಡುತ್ತಾಳೆ ಎಂದು ನಾನು ಅಂದುಕೊಂಡೆ.

ಮರುದಿನದಿಂದ ಅವಳ ನಡಿಗೆ ನಿಂತಿತು. ಗಂಡ ಗಾಡಿಯ ಮೇಲೆ ಕಾಲೇಜಿಗೆ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಿದ್ದರು. ಮಾಳಿಗೆ ಏರುವುದು ಬೇಡ ಎಂದೆ, ಅಲ್ಲಿಂದ ಬೀದಿ ಕಾಣುತ್ತದೆ. ಹಾಲಿಗೆ, ಕೊತ್ತಂಬರಿಗೆ ಕಳಿಸುವುದನ್ನೂ ಬಿಟ್ಟೆ. ಅವಳು ಮುನಿಸಿಕೊಂಡಾಗ ಸಮಾಧಾನ ಮಾಡಿದೆ. “ಬೀದ್ಯಾಗ ನಿಂತು ತಿನ್ನಬ್ಯಾಡ. ಏನ್ ಬೇಕು ಹೇಳು, ಮನೀಗೇ ತರಿಸ್ತೀನಿ.”

ತರಿಸಿದೆ. ಗಂಡ ಸಂತೆಯಿಂದ ಬರುವಾಗ ಎಗ್ ರೈಸ್, ಗೋಬಿ ಕಟ್ಟಿಸಿಕೊಂಡು ಬರುತ್ತಿದ್ದರು. ಕಪಾಟಿನಲ್ಲಿ ಕ್ರೀಮ್ ಬಿಸ್ಕೀಟು, ಫ್ರಿಜ್ಜಿನಲ್ಲಿ ಬಣ್ಣದ ತಂಪು ಬಾಟಲಿ. ಅಂಗಡಿಗಳಲ್ಲಿ ಸರದ ಹಾಗೆ ತೂಗುಹಾಕಿರುತ್ತಾರಲ್ಲ, ಆ ಕುರುಕಲು ಪಾಕೀಟುಗಳ ಇಡೀ ಸರವನ್ನೇ ತಂದು ಅಡುಗೆಮನೆಯ ಮೊಳೆಗೆ ಸಿಕ್ಕಿಸಿದೆ. ಅವಳು ಕಾಲೇಜಿನಿಂದ ಬಂದು ಒಂದು ಪಾಕೀಟು ಹರಿದುಕೊಂಡು, ಫೋನು ಹಿಡಿದು ಗಾದಿಯ ಮೇಲೆ ಒರಗಿದರೆ ನನಗೆ ನೆಮ್ಮದಿ. ಗಾದಿ ಮಾರುವವರ ಮನೆ, ಎಲ್ಲಿ ಕೂತರೂ ಮೆತ್ತಗೆ. ಕೂತ ಹುಡುಗಿ ಕಣ್ಣಿಗೆ ಕಾಣುತ್ತಾಳೆ. ಕಸಬರಿಗೆ ಮುಟ್ಟಲು ಬಂದರೂ “ನೀ ಓದು” ಎಂದು ಕಸಿದುಕೊಳ್ಳುತ್ತಿದ್ದೆ. ರೊಟ್ಟಿ, ಪುಂಡಿಪಲ್ಯೆ ಅವಳ ತಾಟಿನಲ್ಲಿ ಹಾಗೇ ಉಳಿಯುತ್ತಿದ್ದವು. “ಹೊಟ್ಟಿ ತುಂಬೇತಿ ಅಕ್ಕಾ.” ಹೌದು, ತುಂಬಿತ್ತು. ತುಂಬಿಸಿದವಳು ನಾನೇ.

ದೀಪಾವಳಿ ಹೊತ್ತಿಗೆ ಅವಳ ಚೂಡಿದಾರದ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟೆ. ಸ್ವಲ್ಪ ದಿನಕ್ಕೆ ಮತ್ತೆ ಬಿಚ್ಚಿದೆ. ಮೂರನೆಯ ಸಲ ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಅತ್ತೆಗೆ ಇದು ಮೋಜಿನ ವಿಷಯವಾಯಿತು.

“ನಿನ್ನ ತಂಗೀಗೆ ಎಷ್ಟು ಕಿಲೋ ಅರಳಿ ತುಂಬೀದಿ?”

“ಸುಮ್ನಿರ್ರಿ ಅತ್ತಿ.”

“ಅಲ್ಲವಾ, ಹೊಲಿಗಿ ಗಟ್ಟಿ ಹಾಕು. ನಡುವ ಬಿಚ್ಚೀತು.”

ಮೊದಮೊದಲು ತಂಗಿಯೂ ನಗುತ್ತಿದ್ದಳು. “ನನ್ನ ಮ್ಯಾಲ ಯಾರರ ಓಡಾಡ್ರಿ, ಸಮ ಆಗ್ತೀನಿ,” ಎಂದು ತಾನೇ ಹೇಳುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು. ಮೊಳೆಯ ಮೇಲಿನ ಸರಕ್ಕೆ ನಮ್ಮೆದುರು ಕೈ ಹಾಕುವುದನ್ನೂ ಬಿಟ್ಟಳು. ಆದರೂ ಸರ ಕಡಿಮೆಯಾಗುತ್ತಿತ್ತು. ಖಾಲಿ ಪಾಕೀಟುಗಳು ಮಾತ್ರ ಎಲ್ಲಿಯೂ ಕಾಣುತ್ತಿರಲಿಲ್ಲ.

ಅವು ಎಲ್ಲಿ ಹೋಗುತ್ತಿದ್ದವು ಎಂಬುದನ್ನು ತಿಳಿಸಿದವರು ನರಗುಂದದ ಒಬ್ಬ ಹಿರಿಯರು. ಒಂದು ದಿನ ಅವರು ಬಗಲಲ್ಲಿ ದಿಂಬು ಹಿಡಿದು, ಬಸ್ಸಿಳಿದು ನೇರ ನಮ್ಮ ಅಂಗಡಿಗೆ ಬಂದರು.

“ತಮ್ಮಾ, ಈ ದಿಂಬು ಮಾತಾಡ್ತೈತಿ.”

ಗಂಡ ನಕ್ಕರು. “ಏನಂತೈತ್ರಿ?”

“ತಲಿ ಇಟ್ರ ಚರ್ ಅಂತೈತಿ, ತಲಿ ತಗದ್ರ ಸುಮ್ಮನಾಗ್ತೈತಿ. ನಮ್ಮ ಮನಿಯಾಕಿ ಇಲಿ ಹೊಕ್ಕೈತಿ ಅಂತ ಪಲ್ಲಂಗ ಎಲ್ಲಾ ಎತ್ತಿ ನೋಡ್ಯಾಳ.”

ಗಂಡ ಹೊಲಿಗೆ ಕತ್ತರಿಸಿ ಅರಳೆ ಹೊರಗೆ ತೆಗೆದರು. ಅದರೊಳಗೆ ಬೆರಳಗಲ ಮಡಚಿದ ಒಂದು ಖಾಲಿ ಪಾಕೀಟು. ಇನ್ನಷ್ಟು ತೆಗೆದರೆ ಇನ್ನೊಂದು. ಮನೆಯ ಹಿಂದಿನ ಕೋಣೆಯಲ್ಲಿ ಅರಳೆಯ ಚೀಲಗಳಿದ್ದವು. ತಂಗಿ ಓದಲು ಕೂರುತ್ತಿದ್ದದ್ದೂ ಅಲ್ಲೇ. ತಿಂದು, ಮಡಚಿ, ಚೀಲದ ಆಳಕ್ಕೆ ತುರುಕುತ್ತಿದ್ದಳು. ನಾವು ನೋಡದೆ ತುಂಬಿ ಹೊಲಿದಿದ್ದೆವು. ಹಿರಿಯರು ಮಾತ್ರ, “ಇಲಿ ಅಲ್ಲಲ್ಲ, ಚಲೋ ಆತು,” ಎಂದು ಹೊಸ ದಿಂಬು ತೆಗೆದುಕೊಂಡು ಹೋದರು. ಪರದೆಯ ಹಿಂದೆ ನಿಂತ ತಂಗಿಯ ಪಾದಗಳು ನನಗೆ ಕಾಣುತ್ತಿದ್ದವು.

ಅವಳಿಗೆಂದೇ ತಂದು ತೂಗುಹಾಕಿದ್ದನ್ನು ಅವಳು ಕದ್ದು ಯಾಕೆ ತಿನ್ನಬೇಕು? ಅಂದೇ ಕೇಳಬೇಕಿತ್ತು. ನನಗೆ ಹೊಳೆದದ್ದು ಬೇರೆ: ಪಾಕೀಟು ಮುಚ್ಚಿಡುವವಳು ಇನ್ನೇನು ಮುಚ್ಚಿಡುತ್ತಾಳೋ. ಅಂದಿನಿಂದ ಅವಳ ಚೀಲ, ಪುಸ್ತಕ, ಫೋನು ಎಲ್ಲ ನನ್ನ ತಪಾಸಣೆಗೆ ಬಂದವು. ಫೋನಿನಲ್ಲಿ ಸಿಕ್ಕದ್ದು ಹೊಟ್ಟೆ ಕರಗಿಸುವ ವ್ಯಾಯಾಮದ ವಿಡಿಯೋಗಳು. ಮಾಳಿಗೆ ಏರಬೇಡ ಎಂದವಳು ನಾನೇ, ಇನ್ನು ಅವಳು ಎಲ್ಲಿ ಮಾಡಬೇಕಿತ್ತು? ಅದನ್ನು ಯೋಚಿಸಲಿಲ್ಲ. ಯಾರಿಗಾಗಿ ಸಣ್ಣಗಾಗಲು ಹೊರಟಿದ್ದಾಳೆ ಎಂದು ಯೋಚಿಸಿದೆ.

ಹೀಗಿರುವಾಗ ರಮಜಾನ್ ಬಂತು.

ನಮ್ಮಲ್ಲಿ ಹೆಂಗಸರಿಗೆ ತಿಂಗಳದ್ದು ಬಂದ ದಿನಗಳಲ್ಲಿ ರೋಜಾ ಇಲ್ಲ. ಆ ಉಪವಾಸಗಳನ್ನು ಹಬ್ಬ ಮುಗಿದ ಮೇಲೆ ಹಿಡಿದು ತೀರಿಸುತ್ತೇವೆ. ಆದರೆ ಮನೆಯ ಗಂಡಸರಿಗೆ ಅದು ಗೊತ್ತಾಗಬಾರದು. ಹಾಗಾಗಿ ಬೆಳಗಿನ ಜಾವದ ಸಹರಿ ಊಟಕ್ಕೆ ಎದ್ದು ಕೂರುತ್ತೇವೆ, ಇಡೀ ದಿನ ರೋಜಾ ಹಿಡಿದವರ ಹಾಗೆಯೇ ಇರುತ್ತೇವೆ. ಮಧ್ಯಾಹ್ನ ಅಡುಗೆಮನೆಯ ಒಂದು ಮೂಲೆಯಲ್ಲಿ ನಿಂತು ನೀರು ಕುಡಿದು, ರೊಟ್ಟಿ ಚೂರು ಬಾಯಿಗೆ ಹಾಕಿಕೊಳ್ಳುತ್ತೇವೆ. ತವರಿನಲ್ಲಿ ಅವ್ವನಿಗೂ ನನಗೂ ಹಿಟ್ಟಿನ ಡಬ್ಬಿಯ ಹಿಂದಿನ ಮೂಲೆ ಇತ್ತು. ಇಲ್ಲಿ ನನ್ನದು ಸಿಲಿಂಡರಿನ ಹಿಂದೆ. ರಮಜಾನಿನ ಮೊದಲ ದಿನವೇ ತಂಗಿಗೆ ಆ ಜಾಗ ತೋರಿಸಿ, “ನಿನ್ನ ಸರತಿ ಬಂದ್ರ ಕಣ್ಣು ಹೊಡಿ, ನೀರು ಇಟ್ಟಿರ್ತೀನಿ,” ಎಂದೆ. ಅವಳು ತಲೆ ಆಡಿಸಿದಳು.

ಅವಳು ಬರಲಿಲ್ಲ. ನನ್ನ ಸರತಿ ಬಂತು, ಹೋಯಿತು. ಅವಳ ಸರತಿಗಾಗಿ ತಂಬಿಗೆಯಲ್ಲಿ ನೀರು ಕಾಯುತ್ತಲೇ ಇತ್ತು. ಅವಳು ಸಹರಿಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ರೋಣದ ಆ ಬಿಸಿಲಲ್ಲಿ ತುಟಿ ಒಡೆದರೂ ಒಂದು ದಿನವೂ ರೋಜಾ ತಪ್ಪಿಸಲಿಲ್ಲ. ಸಂಜೆ ರೋಜಾ ಬಿಡುವ ಹೊತ್ತಿಗೆ ಮಿರ್ಚಿ, ಸಮೋಸ, ಶರಬತ್ತು, ಎಲ್ಲವನ್ನೂ ಗಬಗಬನೆ ತಿಂದು ಅಲ್ಲೇ ಒರಗುತ್ತಿದ್ದಳು. ಮೈ ಮಾತ್ರ ಇಳಿಯಲಿಲ್ಲ.

“ತಿಂಗಳಗಟ್ಟಲೆ ಉಪಾಸ ಇದ್ರ ಮಂದಿ ಸಣ್ಣ ಆಗ್ತಾರ. ಇಕಿ ನೋಡು,” ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. “ಸಂಡಾಸಿನ್ಯಾಗ ಕೂತು ತಿಂತಾಳೇನು?”

ಅದನ್ನೂ ಪರೀಕ್ಷಿಸಿದೆ. ಏನೋ ಕೇಳುವ ನೆಪದಲ್ಲಿ ಅವಳ ಮುಖದ ಹತ್ತಿರ ಹೋಗಿ ಬಾಯಿಯ ವಾಸನೆ ನೋಡಿದೆ. ಹಸಿದ ಬಾಯಿಯ ಒಣ ವಾಸನೆ. ಅವಳ ರೋಜಾ ನಿಜ ಎಂದು ಅದರಿಂದ ಗೊತ್ತಾಯಿತು. ಗೊತ್ತಾದ ಮೇಲೆ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಬೆಳವಣಕಿಯಿಂದ ಅಪ್ಪ ಫೋನು ಮಾಡಿ, “ಒಂದೂ ಬಿಟ್ಟಿಲ್ಲಂತಲ್ಲ, ಶಾಬಾಶ್,” ಎಂದು ಹೊಗಳಿದ. ಗಂಡನೂ ಹೊಗಳಿದರು. ಗಂಡಸರು ಹೊಗಳಿದಷ್ಟೂ ನಾನು ಬೆರಳು ಮಡಚಿ ದಿನ ಎಣಿಸುತ್ತಿದ್ದೆ. ಒಂದೂ ಬಿಡದೆ ಇಡೀ ತಿಂಗಳು ರೋಜಾ ಹಿಡಿಯುವ ಹರೆಯದ ಹುಡುಗಿ ಎಂದರೆ ಏನರ್ಥ ಎಂದು ಆ ಮನೆಯಲ್ಲಿ ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದ ಅರ್ಥ ಒಂದೇ ಇತ್ತು.

ಹಬ್ಬದ ದಿನ ಹೊಸ ಬಟ್ಟೆ ಅವಳಿಗೆ ಬಿಗಿಯಾಗಿ, ದುಪಟ್ಟಾವನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಕೂತಿದ್ದಳು. ನಾನು ಅಡುಗೆಮನೆಯಲ್ಲಿ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ತಿರುವುತ್ತಿದ್ದೆ. ಅತ್ತೆ ಪಕ್ಕದಲ್ಲಿ ಗೋಡಂಬಿ ಒಡೆಯುತ್ತಿದ್ದರು. ತಿಂಗಳಿಡೀ ನುಂಗಿಕೊಂಡದ್ದನ್ನು ಅವರ ಮುಂದೆ ಕಾರಿಬಿಟ್ಟೆ.

“ಇಕಿ ರೋಜಾ ಒಂದೂ ಖರೇ ಅಲ್ಲ ಅತ್ತಿ. ಬಾಯಿ ಉಪಾಸ ಇದ್ರೇನಾತು, ತಿಂಗಳದ್ದು ನಿಂತೈತಿ, ಅದಕ್ಕ ಒಂದೂ ಬಿಟ್ಟಿಲ್ಲ. ಹೊಟ್ಟ್ಯಾಗ ಯಾವನ ಪಾಪಾ ಐತೋ ಏನೋ.”

ಅತ್ತೆ ಗೋಡಂಬಿಯ ತಟ್ಟೆ ಬದಿಗಿಟ್ಟರು. ಮೆಲ್ಲಗೆ, “ಹಂಗಿದ್ರ ಕಾಲೇಜು ಬಿಡಸು. ನರಗುಂದದಾಗ ನಮ್ಮ ಕಡೆ ಹುಡುಗ ಅದಾನ, ಲಗೂ ಮಾಡಿಕೊಟ್ಟು ಕೈ ತೊಳಕೋ,” ಎಂದರು.

ತಿರುಗಿ ನೋಡಿದರೆ ಹೊಸ್ತಿಲ ಮೇಲೆ ಸುರಕುಂಬಾದ ಖಾಲಿ ಬಟ್ಟಲು ಇತ್ತು. ಇನ್ನಷ್ಟು ಹಾಕಿಸಿಕೊಳ್ಳಲು ಬಂದವಳು ಬಟ್ಟಲನ್ನು ಅಲ್ಲೇ ಇಟ್ಟು ಹೋಗಿದ್ದಳು. ಕೇಳಿಸಿಕೊಂಡಿದ್ದಾಳೆ ಎಂದು ನನಗೆ ಆಗಲೇ ತಿಳಿಯಿತು. ಬಟ್ಟಲು ತೊಳೆದು ಬೋರಲು ಹಾಕಿದೆ.

ಎರಡು ದಿನ ಬಿಟ್ಟು ಅಪ್ಪನಿಗೆ ಫೋನು ಮಾಡಿ, ಮುಂದಿನ ವರ್ಷಕ್ಕೆ ಇವಳ ಹೆಸರು ಹಚ್ಚುವುದು ಬೇಡ ಎಂದೆ. “ಯಾಕವಾ? ಚಲೋ ಓದ್ತಾಳಲ್ಲ,” ಎಂದ. ಆಮೇಲೆ ಹೇಳುತ್ತೇನೆ ಎಂದೆ. ಓದಬೇಕಾದ ಹುಡುಗಿಯ ಓದು ನನ್ನ ಒಂದು ಫೋನಿಗೆ ನಿಂತು ಹೋಗುವುದರಲ್ಲಿತ್ತು.

ರೋಣದಲ್ಲಿ ತೋರಿಸಿದರೆ ಗುರುತಿನವರು ಸಿಗುತ್ತಾರೆ ಎಂದು ಅವಳನ್ನು ಗಜೇಂದ್ರಗಡಕ್ಕೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು.

“ಎದಕ್ಕ ಹೊಂಟೀವಿ ಅಕ್ಕಾ?”

“ಸಕ್ಕರಿ ಕಾಯಿಲೆ ಐತೇನು ನೋಡಸಾಕ. ಅವ್ವಗ ಐತಲ್ಲ, ನಿನಗೂ ಇದ್ರ?”

“ಅದನ್ನ ನೋಡಾಕ ರೋಣದಾಗ ಯಾರೂ ಇಲ್ಲೇನು?”

“ಅಲ್ಲಿ ಚಲೋ ನೋಡ್ತಾರಂತ.”

ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಗುಡ್ಡದ ಮೇಲೆ ತಿರುಗುವ ಗಾಳಿ ವಿದ್ಯುತ್ತಿನ ಫಂಕಗಳ ಕಡೆಗೆ ತಿರುಗಿದಳು.

ದವಾಖಾನೆಯ ಡಾಕ್ಟರಮ್ಮ ನನ್ನ ಮಾತು ಕೇಳಿ, ತಂಗಿಯ ಕೈಗೆ ಒಂದು ಸಣ್ಣ ಡಬ್ಬಿ ಕೊಟ್ಟು ಮೂತ್ರ ತರಲು ಹೇಳಿದರು. ಅವಳಿಗೆ ಎಲ್ಲ ಅರ್ಥವಾಯಿತು. ಅವಳು ಬಂದ ಮೇಲೆ ಡಾಕ್ಟರಮ್ಮ ನನಗೆ “ನೀವ್ ಹೊರಗ ಕೂಡ್ರಿ” ಎಂದರು. ನಾನು ಕೂರಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು ನಿಂತೆ.

“ತಿಂಗಳದ್ದು ಯಾವಾಗಿಂದ ನಿಂತೈತಿ?”

“ದೀಪಾವಳಿ ಆದಮ್ಯಾಲೆ ಬಂದೇ ಇಲ್ರಿ.”

“ಮನ್ಯಾಗ ಯಾಕ ಹೇಳಲಿಲ್ಲ?”

“ಯಾರ್ ಕೇಳ್ಯಾರ್ರಿ? ನನಗೂ ಏನೋ ದೊಡ್ಡ ರೋಗ ಐತಿ ಅಂತ ಅಂಜಿಕಿ ಬಂದಿತ್ತು. ಅಕ್ಕ ಕೇಳಿದ್ರ ಹೇಳ್ತಿದ್ದೆ. ಅಕಿ ನನ್ನ ಚೀಲಾನ ಕೇಳ್ತಾಳ, ನನ್ನ ಕೇಳಂಗಿಲ್ಲ.”

“ರೋಜಾ ಎಲ್ಲಾ ಹಿಡದೀ ಅಂತಲ್ಲ?”

“ಬಿಡಾಕ ಕಾರಣ ಬರಲಿಲ್ರಿ. ಮತ್ತ, ಉಪಾಸ ಇದ್ರ ಸಣ್ಣ ಆಗ್ತೀನಿ ಅಂದ್ಕೊಂಡೆ.”

ಆಮೇಲೆ ನನ್ನನ್ನು ಒಳಗೆ ಕರೆದರು. “ನೀವು ಏನು ಅಂದ್ಕೊಂಡು ಕರಕೊಂಡು ಬಂದೀರಿ, ಅದು ಇಲ್ಲ. ಈ ವಯಸ್ಸಿನ್ಯಾಗ ತೂಕ ಹಿಂಗ ಏರಿದ್ರ ತಿಂಗಳದ್ದು ತಪ್ಪೋದು ಐತಿ. ಭಾಳ ಹುಡುಗ್ಯಾರು ಬರಾಕತ್ಯಾರ. ಸ್ಕ್ಯಾನ್ ಮಾಡಿಸೋಣು, ರಕ್ತ ನೋಡೋಣು. ದಿನಾ ಏನ್ ತಿಂತಾಳ?”

ಹೇಳಿದೆ. ಗೋಬಿ, ಎಗ್ ರೈಸ್, ಪಾಕೀಟಿನ ಸರ, ಬಾಟಲಿ.

“ಯಾರ್ ತರ್ತಾರ?”

“ನಾವ ರಿ.”

“ಕಾಲೇಜಿಗೆ ನಡಕೊಂತ ಹೋಗ್ತಾಳೇನು?”

“ಇಲ್ರಿ. ಬಿಟ್ಟು ಬರ್ತೀವಿ.”

“ಆಟ, ಮನೀ ಕೆಲಸ?”

“ನಾವು ಹಚ್ಚಂಗಿಲ್ರಿ.”

ನನ್ನ ಉತ್ತರಗಳು ನನಗೇ ಕೇಳಿಸುತ್ತಿದ್ದವು. ಅಷ್ಟಕ್ಕೇ ಸುಮ್ಮನಾಗಿದ್ದರೆ ಇಂದು ಬರೆಯುವುದು ಸ್ವಲ್ಪ ಹಗುರವಾಗುತ್ತಿತ್ತೇನೋ. ಸುಮ್ಮನಾಗಲಿಲ್ಲ. ತಂಗಿ ಚಪ್ಪಲಿ ಮೆಟ್ಟಲು ಬಾಗಿಲಿಗೆ ಹೋದಾಗ ಡಾಕ್ಟರಮ್ಮನ ಹತ್ತಿರ ಬಾಗಿ, “ಇನ್ನೊಮ್ಮೆ ನೋಡ್ರಿ, ಒಮ್ಮೊಮ್ಮೆ ಮೊದಲ ಸಲ ಗೊತ್ತಾಗಂಗಿಲ್ಲಂತ,” ಎಂದೆ. ನಾನು ಎಷ್ಟೋ ಸಲ ಇಂಥದೇ ಡಬ್ಬಿ ಹಿಡಿದು ನಿಂತವಳು. ಇಲ್ಲ ಎಂದಾಗಲೆಲ್ಲ ಇನ್ನೊಮ್ಮೆ ನೋಡಿ ಎಂದು ಕೇಳಿದವಳು.

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. “ಯಾಕ್ರಿ, ನಿಮಗ ಏನ್ ಆಗಬೇಕಿತ್ತು?”

ನನಗೆ ಮಕ್ಕಳಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ತಂಗಿ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ನಿಂತಿದ್ದಳು. ಇದನ್ನೂ ಕೇಳಿಸಿಕೊಂಡಿದ್ದಳು.

ರೋಣಕ್ಕೆ ಬಂದವಳೇ ಬಟ್ಟೆ, ಪುಸ್ತಕ ಚೀಲಕ್ಕೆ ತುಂಬಿದಳು.

“ನಾ ಬೆಳವಣಕಿಂದ ಕಾಲೇಜಿಗೆ ಬರ್ತೀನಿ. ಅಪ್ಪಗ ನಾನ ಹೇಳ್ತೀನಿ.”

“ಬಸ್ಸಿನ್ಯಾಗ?”

“ಹೌದು, ಬಸ್ಸಿನ್ಯಾಗ. ಯಾರ್ಯಾರು ಹತ್ತತಾರ ಅಂತ ನೀ ಬಂದು ಎಣಸು.”

ಅಪ್ಪನಿಗೆ ಅವಳು ಏನು ಹೇಳಿದಳೋ, ಎರಡನೆಯ ವರ್ಷಕ್ಕೆ ಹೆಸರು ಹಚ್ಚಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ದಿನಾ ಬೆಳಿಗ್ಗೆ ಅವಳು ಬಸ್ಸಿಳಿದು ನಮ್ಮ ಅಂಗಡಿಯ ಎದುರಿನ ಬದಿಯಿಂದಲೇ ಕಾಲೇಜಿಗೆ ನಡೆದು ಹೋಗುತ್ತಿದ್ದಳು. ಈ ಕಡೆ ನೋಡುತ್ತಿರಲಿಲ್ಲ. ನಾನು ಗಾದಿಗಳ ಮರೆಯಿಂದ ನೋಡುತ್ತಿದ್ದೆ. ಮೊದಮೊದಲು ಗೋಬಿ ಗಾಡಿಯ ತಿರುವಿನಲ್ಲಿ ನಿಂತು ಉಸಿರು ಬಿಡುತ್ತಿದ್ದವಳು ಮಳೆಗಾಲದ ಹೊತ್ತಿಗೆ ನಿಲ್ಲದೆ ನಡೆಯತೊಡಗಿದಳು. ತೆಳ್ಳಗೇನೂ ಆಗಲಿಲ್ಲ. ಸಂಜೆ ಅಪ್ಪನ ಜೊತೆ ಅರಳೆ ಬಡಿಯುತ್ತಾಳೆ, ರೊಟ್ಟಿ ತಾನೇ ಬಡಿಯುತ್ತಾಳೆ, ಒಮ್ಮೊಮ್ಮೆ ಪಾಕೀಟನ್ನೂ ತಿನ್ನುತ್ತಾಳೆ ಎಂದು ಅವ್ವ ಫೋನಿನಲ್ಲಿ ಹೇಳುತ್ತಿದ್ದಳು. ಪಾಕೀಟನ್ನು ಈಗ ಎಲ್ಲರ ಮುಂದೆಯೇ ತಿನ್ನುತ್ತಾಳಂತೆ. ಒಂದು ದಿನ ಅವ್ವ ದನಿ ತಗ್ಗಿಸಿ, “ಅದು ಬಂತು ನೋಡು. ನಿನಗ ಹೇಳಬ್ಯಾಡ ಅಂದಾಳ,” ಎಂದಳು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಆಮೇಲೆ ನನ್ನ ಬಾಯಿಂದ ಬಂದ ಮಾತು, “ಬಸ್ಸಿನ್ಯಾಗ ಯಾರ ಜೊತಿ ಬರ್ತಾಳ ಅವ್ವಾ?” ಅವ್ವ ಫೋನು ಇಟ್ಟಳು. ಅನುಮಾನ ಎಂಬುದು ಅರಳೆಯ ಧೂಳಿನ ಹಾಗೆ. ಎಷ್ಟು ಗುಡಿಸಿದರೂ ಮೂಗಿನಲ್ಲಿ ಉಳಿದಿರುತ್ತದೆ.

ಮತ್ತೆ ರಮಜಾನ್ ಹತ್ತಿರ ಬಂತು. ನಮ್ಮಲ್ಲಿ ರೋಜಾ ಶುರುವಾಗುವ ಮುಂಚೆ ಒಬ್ಬರಿಗೊಬ್ಬರು, ಆಡಿದ್ದು ಕೇಳಿದ್ದು ಮಾಫ್ ಮಾಡಿ ಎಂದು ಕೇಳಿಕೊಳ್ಳುವ ರೂಢಿ ಇದೆ. ಬಾಯಿಪಾಠದ ಮಾತು, ಯಾರೂ ನಿಂತು ಯೋಚಿಸುವುದಿಲ್ಲ. ಅಂದು ಮಧ್ಯಾಹ್ನ ಅಪ್ಪ ಹಿಂಜಿದ ಅರಳೆ ಕೊಡಲು ಬಂದ. ಜೊತೆಗೆ ತಂಗಿಯೂ ಬಂದಳು. ಹೆಚ್ಚುಕಡಿಮೆ ವರ್ಷಕ್ಕೆ ನನ್ನ ಅಡುಗೆಮನೆಯ ಹೊಸ್ತಿಲು ದಾಟಿದಳು. ಬಂದವಳು ಮೊದಲು ಮೊಳೆ ನೋಡಿದಳು. ಅದಕ್ಕೆ ಈಗ ಜರಡಿ ತೂಗುಹಾಕಿದ್ದೆ.

ಅತ್ತೆ ಕೂತಲ್ಲಿಂದಲೇ ಅವಳ ಕೈ ಹಿಡಿದು, “ಆಡಿದ್ದು ಕೇಳಿದ್ದು ಮಾಫ್ ಮಾಡವಾ,” ಎಂದರು.

“ಮಾಫ್ ಐತ್ರಿ,” ಎಂದಳು ತಂಗಿ.

ನಾನೂ ಕೈ ಒರೆಸಿಕೊಂಡು ಹತ್ತಿರ ಹೋದೆ. “ಆಡಿದ್ದು ಕೇಳಿದ್ದು ಮಾಫ್ ಮಾಡು,” ಎಂದೆ.

ಅವಳು ಕೈ ಕೊಡಲಿಲ್ಲ. “ನಾ ಏನ್ ಕೇಳೀನಿ ನನಗ ಗೊತ್ತೈತಿ. ನೀ ಏನ್ ಆಡೀದಿ, ಅದನ್ನ ಹೇಳು. ಇವರ ಮುಂದ ಆಡೀದ್ಯಲ್ಲ, ಇವರ ಮುಂದನ ಹೇಳು.”

“ಹ್ವಾದ ಮಾತು ಬಿಡವಾ,” ಎಂದರು ಅತ್ತೆ. ಪಡಸಾಲೆಯಲ್ಲಿ ಅಪ್ಪ, ಗಂಡ ಅರಳೆ ತೂಗುತ್ತಿದ್ದರು. ಅವರಿಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಸಿಲಿಂಡರಿನ ಹಿಂದಿನ ಮೂಲೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸದೆ ಹೇಳಿದೆ.

“ನಿನ್ನ ರೋಜಾ ಒಂದೂ ಖರೇ ಅಲ್ಲ ಅಂದೆ. ನಿನ್ನ ಹೊಟ್ಟ್ಯಾಗ ಯಾವನ ಪಾಪಾ ಐತೋ ಅಂದೆ. ಡಾಕ್ಟರು ಇಲ್ಲ ಅಂದಮ್ಯಾಲೂ ಇನ್ನೊಮ್ಮೆ ನೋಡ್ರಿ ಅಂದೆ. ನಡಿಯೋ ಹುಡುಗೀನ ಕೂಡಿಸಿದಾಕಿ ನಾನು, ತಂದು ತಂದು ತಿನ್ನಿಸಿದಾಕಿ ನಾನು, ಕಡೀಕ ನಿನ್ನ ಮ್ಯಾಲೆ ಸಂಶೆ ಪಟ್ಟಾಕಿನೂ ನಾನು. ನಿನ್ನ ಒಂದು ಮಾತು ಕೇಳಲಿಲ್ಲ. ನೀ ಹಿಡಿದ ರೋಜಾ ಎಲ್ಲಾ ಖರೇ ಇದ್ದು. ತಪ್ಪು ನಂದು, ತಂಗೀ. ಮಾಫ್ ಮಾಡು.”